ಹೆಡ್ಡಿಗೆ ಸವರಿದ ಬೆಣ್ಣೆ

ನಮ್ಮ ಮೊಮ್ಮಗಳು ನೀಲಾ ಕೊರೆದ ಇಂಜಿನ್ನಿನ ಹೆಡ್ಡು ಇವತ್ತು ಮುಂಜಾನೆ ನೀರಿನ ತೊಟ್ಟಿಯಲ್ಲಿ ಮುಳುಗಿ ಕುಳಿತು ಒಂದೇ ಒಂದು ಗುಳ್ಳೆಯನ್ನೂ ಬಿಡಲಿಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಗುಳ್ಳೆ ಬರಲಿಲ್ಲ, ಅಂದರೆ ಎಲ್ಲೂ ತೂತಿಲ್ಲ. ನಾನೇ ತೊಟ್ಟಿಯ ಅಂಚಿಗೆ ಮೂಗು ತಾಗಿಸಿಕೊಂಡು ನೋಡಿದೆ. ಕನ್ನಡಕ ಜಾರಿ ನೀರಿಗೆ ಬಿತ್ತು. ಆಗ ಬಂದ ನಾಲ್ಕು ಗುಳ್ಳೆ ಕನ್ನಡಕದವು, ಹೆಡ್ಡಿನವಲ್ಲ. ಇದನ್ನು ನನ್ನ ಮಗನೂ ಒಪ್ಪಿಕೊಂಡಿದ್ದಾನೆ.

ಇದೂ ಒಂದು ಸುದ್ದಿಯೇ ಎಂದು ನಿಮಗೆ ಅನ್ನಿಸಬಹುದು. ನಮ್ಮ ಓಣಿಗೂ ಹಾಗೇ ಅನ್ನಿಸಿತು. ಬಟ್ಟಲಲ್ಲಿ ಸಕ್ಕರೆ ಹಾಕಿಕೊಂಡು ಮನೆಮನೆಗೆ ಹೋದೆ. ಎದುರುಮನೆಯ ಪಾರವ್ವ ಅಂಗೈ ಚಾಚಿಕೊಂಡೇ, "ಗಂಡು ಯಾವ ಊರಾಂವರಿ?" ಎಂದಳು. ಗಂಡಲ್ಲವಾ, ಹೆಡ್ಡು ಎಂದೆ. ಆಕೆ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಚೀಪಿ, "ಅದಕ್ಕೂ ಸಕ್ಕರಿ ಹಂಚತಾರೇನರಿ?" ಎಂದು ಕೇಳಿದಳು. ಹಂಚುತ್ತಾರೆ, ನಾನು ಹಂಚುತ್ತಿದ್ದೇನಲ್ಲ ಎಂದು ಇನ್ನೊಂದು ಚಿಟಿಕೆ ಹಾಕಿ ಮುಂದಿನ ಮನೆಗೆ ನಡೆದೆ.

ಮುಂಜಾನೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅಡುಗೆಮನೆಗೆ ಹೋದೆ, ಬೇಳೆಗೆ ಎರಡು ಸಲ ಉಪ್ಪು ಹಾಕಿದೆ, ಸೊಸೆ ಶಾಂತಾ ನನ್ನನ್ನು ಹೊರಗೆ ಕಳಿಸಿದಳು. ವರ್ಕ್‌ಶಾಪಿಗೆ ಹೋದೆ, ತೊಟ್ಟಿಯ ನೀರು ಕದಡಬೇಡ ಎಂದು ಮಗ ಬಸವರಾಜ ಹೊರಗೆ ಕಳಿಸಿದ. ಕೊನೆಗೆ ನೀಲಾ ಒಂದು ನೋಟುಬುಕ್ಕು ಕೊಟ್ಟು, ಆಯಿ, ನೀ ಹೇಳೂದನ್ನೆಲ್ಲ ಇದರಾಗ ಬರಿ, ನಮ್ಮ ಕಿವಿ ಸೋತಾವು ಎಂದಳು. ನಾನು ಬ್ಯಾಡಗಿಯ ಶಾಲೆಯಲ್ಲಿ ಮೂರನೇ ಇಯತ್ತೆಯವರೆಗೆ ಓದಿದವಳು. ನನ್ನ ಅಕ್ಷರ ಸಾಲುಬಿಟ್ಟು ಹೊಲಕ್ಕೆ ಇಳಿಯುವ ಎಮ್ಮೆಯ ಹಾಗೆ. ತಪ್ಪು ಕಂಡರೆ ನೀವೇ ತಿದ್ದಿಕೊಂಡು ಓದಿ.

ಬರೆಯುವ ಈ ಬಲಗೈಯಿಂದ ಒಂದು ವಾಸನೆ ಬರುತ್ತಿದೆ. ಬೆಣ್ಣೆ ಮತ್ತು ಬಿಸಿ ಕಬ್ಬಿಣ, ಎರಡೂ ಕೂಡಿದ ವಾಸನೆ. ಐದಾರು ದಿನದಿಂದ ಸೀಗೆಪುಡಿ ಹಚ್ಚಿ ತೊಳೆದರೂ ಹೋಗಿಲ್ಲ. ಹೋಗಬಾರದು ಅಂತಲೇ ಸರಿಯಾಗಿ ತೊಳೆದಿಲ್ಲವೋ ಏನೋ. ಈ ವಾಸನೆ ನಮ್ಮ ಮನೆಯಲ್ಲಿ ಬಂದು ಎಷ್ಟೋ ವರ್ಷವಾಗಿತ್ತು. ಇದು ನಮ್ಮ ಮನೆಯವರ ವಾಸನೆ.

ಅವರು ತೀರಿಕೊಂಡು ನಾಲ್ಕು ವರ್ಷ. ರಾಣೆಬೆನ್ನೂರಿನಲ್ಲಿ ಅವರನ್ನು ಹೆಡ್ಡಿನ ಮಿಸ್ತ್ರಿ ಎಂದೇ ಕರೆಯುತ್ತಿದ್ದರು. ಹೆಡ್ಡು ಅಂದರೆ ಇಂಜಿನ್ನಿನ ನೆತ್ತಿಯ ಮೇಲೆ ಕೂರುವ ಬೀಡಿನ, ಅಂದರೆ ಎರಕದ ಕಬ್ಬಿಣದ ಗಡ್ಡೆ. ಹೊರಗಿನಿಂದ ನೋಡಿದರೆ ಬರೀ ಗಡ್ಡೆ. ಒಳಗೆ ಅದೊಂದು ಮನೆ. ಗಾಳಿ ಒಳಗೆ ಬರಲು ಒಂದು ದಾರಿ, ಹೊಗೆ ಹೊರಗೆ ಹೋಗಲು ಒಂದು ದಾರಿ, ಇವುಗಳ ಸುತ್ತ ಕಾವು ತಣಿಸಲು ನೀರು ಓಡಾಡುವ ಕೋಣೆ. ನೀರಿಗೂ ಗಾಳಿಗೂ ನಡುವೆ ಇರುವುದು ಒಂದೇ ಗೋಡೆ. ದಾರಿ ಅಗಲವಾಗಿ, ತಿರುವು ನುಣುಪಾಗಿ ಇದ್ದರೆ ಇಂಜಿನ್ನು ಚೆನ್ನಾಗಿ ಉಸಿರಾಡುತ್ತದೆ, ಮೈಯಲ್ಲಿ ಕಸುವು ಬರುತ್ತದೆ. ಹಾಗಂತ ಆಸೆಬಿದ್ದು ಹೆಚ್ಚು ಕೊರೆದಿರೋ, ಗೋಡೆ ತೂತಾಗಿ ನೀರು ಗಾಳಿಯ ದಾರಿಗೆ ನುಗ್ಗಿತು. ಅಲ್ಲಿಗೆ ಆ ಹೆಡ್ಡಿನ ಕತೆ ಮುಗಿಯಿತು. ಇದನ್ನೆಲ್ಲ ನಾನು ಅವರಿಂದ ಕೇಳಿ ತಿಳಿದದ್ದಲ್ಲ. ಅವರು ಹೆಚ್ಚು ಮಾತಾಡುವವರಲ್ಲ. ಈ ಆರು ತಿಂಗಳಲ್ಲಿ ಮೊಮ್ಮಗಳು ಕಲಿಸಿದ್ದು.

ಅವರು ಈ ಕೆಲಸ ಕಲಿತದ್ದು ನನ್ನ ತವರು ಬ್ಯಾಡಗಿಯಲ್ಲಿ. ಮೆಣಸಿನಕಾಯಿ ಪೇಟೆಯ ಹಿಂದೆ ಖಾಜಾಸಾಬ್ ಎಂಬ ಉಸ್ತಾದರು ಖಾರ ಕುಟ್ಟುವ ಗಿರಣಿಗಳ ಡೀಸೆಲ್ ಇಂಜಿನ್ನು ರಿಪೇರಿ ಮಾಡುತ್ತಿದ್ದರು, ಇವರು ಅವರ ಕೈಕೆಳಗಿದ್ದರು. ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಮೆಣಸಿನ ಘಾಟು ಗೊತ್ತೇ ಆಗುವುದಿಲ್ಲ. ಇವರು ಕಣ್ಣು ಒರೆಸಿಕೊಳ್ಳುತ್ತಲೇ ಮೂರು ವರ್ಷ ಕೆಲಸ ಕಲಿತರು. ನನ್ನನ್ನು ನೋಡಲು ಬಂದ ದಿನ ನಮ್ಮ ಪಡಸಾಲೆಯಲ್ಲಿ ಮೆಣಸಿನಕಾಯಿ ಚೀಲ ಒಟ್ಟಿದ್ದರು, ಇವರು ಒಂಬತ್ತು ಸಲ ಸೀನಿದರು. ಹುಡುಗಿಯ ಮುಖ ಸರಿಯಾಗಿ ಕಂಡಿರಲಿಕ್ಕಿಲ್ಲ. ಕಾಣದೆಯೇ ಒಪ್ಪಿಕೊಂಡರು ಎಂದು ನನ್ನ ತಂಗಿ ಇಂದಿಗೂ ಚಾಷ್ಟಿ ಮಾಡುತ್ತಾಳೆ.

ಮದುವೆಯಾಗಿ ರಾಣೆಬೆನ್ನೂರಿಗೆ ಬಂದೆ. ಬಂದ ಎರಡನೇ ತಿಂಗಳಿರಬೇಕು, ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಉಂಡೆ ಬೆಣ್ಣೆ ಕೇಳಿದರು, ಒಂದು ಹಂಡೆ ಕುದಿಯುವ ನೀರು ಕೇಳಿದರು. ಆಗ ಮನೆಯಲ್ಲಿ ಎಮ್ಮೆ ಇತ್ತು, ಆದರೆ ಬೆಣ್ಣೆ ಅತ್ತೆಯವರ ಕಣ್ಣಳತೆಯಲ್ಲಿ ಇತ್ತು. ಯಾತಕ್ಕೆ ಎಂದು ಕೇಳಿದೆ. ಹೆಡ್ಡಿಗೆ ಸವರಬೇಕು ಎಂದರು. ಹನುಮಪ್ಪನಿಗೆ ಬೆಣ್ಣೆ ಸವರುವುದನ್ನು ನೋಡಿ ಬೆಳೆದವಳು ನಾನು.

"ದೇವರ ಕೆಲಸ ಏನ್ರಿ?" ಎಂದೆ.

ಅವರು ನನ್ನ ಮುಖ ನೋಡಿದರು, ಹಿಂದೆ ಕೂತಿದ್ದ ಅತ್ತೆಯ ಮುಖ ನೋಡಿದರು, ಮೀಸೆಯಲ್ಲಿ ಸ್ವಲ್ಪ ನಕ್ಕರು. "ಹೂಂ. ದೇವರದ ಅಂತ ತಿಳಕೋ."

ತಿಳಿದುಕೊಂಡೆ. ಸರಿಯಾಗಿ ತಿಳಿದುಕೊಂಡೆ. ದೇವರ ಕೆಲಸ ಎಂದ ಮೇಲೆ ಅತ್ತೆ ಇನ್ನೂ ಒಂದು ಬೆರಳಷ್ಟು ಬೆಣ್ಣೆ ಸೇರಿಸಿಯೇ ಕೊಟ್ಟರು. ಅಂದಿನಿಂದ ಹೊಸ ಹೆಡ್ಡು ಬಂದಾಗಲೆಲ್ಲ ನಮ್ಮಲ್ಲಿ ಇದು ನಡೆಯಿತು. ಮುಂಜಾನೆ ತಂಪು ಹೊತ್ತು, ನಾನು ಸ್ನಾನ ಮಾಡಿ ಹಣೆಗೆ ಇಟ್ಟುಕೊಂಡು ಬರುತ್ತಿದ್ದೆ. ಅವರು ದಾರಿಗಳ ಒಳಗೋಡೆಗೆ ಬೆರಳಿನಿಂದ ತೆಳ್ಳಗೆ ಬೆಣ್ಣೆ ಸವರುತ್ತಿದ್ದರು. ನೀರಿನ ಕೋಣೆಯ ತೂತಿಗೆ ನಾನು ಹಂಡೆಯ ನೀರು ಸುರಿಯುತ್ತಿದ್ದೆ. ಅದು ನನಗೆ ಅಭಿಷೇಕ. ಸುರಿದ ಕೂಡಲೇ ಕೈಮುಗಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಗಿರಾಕಿಗೆ ಒಳ್ಳೆಯದಾಗಲಿ, ಇವರ ಕೈ ತಪ್ಪದಿರಲಿ ಎಂದು ಬೇಡಿಕೊಂಡು ಕಣ್ಣು ತೆಗೆಯುವಷ್ಟರಲ್ಲಿ ಹೆಡ್ಡಿನ ಮೇಲೆ ಅಲ್ಲಲ್ಲಿ ಬಳಪದ ಗೆರೆ ಬಿದ್ದಿರುತ್ತಿದ್ದವು. ವಿಭೂತಿ ಪಟ್ಟೆಯ ಹಾಗೆ ಎಂದುಕೊಂಡೆ. ಇದನ್ನು ಕಲಿಸಿದವರು ಖಾಜಾಸಾಬ್ ಉಸ್ತಾದರು ಎಂದು ಒಮ್ಮೆ ಇವರ ಬಾಯಿಂದ ಬಂತು. ಸಾಬರು ಹನುಮಪ್ಪನ ಪೂಜೆ ಯಾಕೆ ಕಲಿಸುತ್ತಾರೆ ಎಂದು ಬುದ್ಧಿ ಇದ್ದವರು ಯಾರಾದರೂ ಕೇಳುತ್ತಿದ್ದರು. ನಾನು ದೇವರು ಎಲ್ಲರಿಗೂ ಒಬ್ಬನೇ ಎಂದುಕೊಂಡು ಇನ್ನೂ ಭಕ್ತಿಯಿಂದ ಕಣ್ಣು ಮುಚ್ಚಿದೆ.

ಇನ್ನೊಂದು ಮಾತು. ಬೆಣ್ಣೆ ಸವರಿದ ದಿನ ರಾತ್ರಿ ಊಟಕ್ಕೆ ಕೂತಾಗ ಅವರು ಬೆಣ್ಣೆ ಮುಟ್ಟುತ್ತಿರಲಿಲ್ಲ. ಬಿಸಿ ಜೋಳದ ರೊಟ್ಟಿಯನ್ನು ಒಣದಾಗಿಯೇ ಪಲ್ಲೆಯಲ್ಲಿ ತಿಂದು ಏಳುತ್ತಿದ್ದರು. ಅದು ವ್ರತ ಎಂದುಕೊಂಡೆ. ವ್ರತದಲ್ಲಿ ಇದ್ದವರಿಗೆ ಒತ್ತಾಯ ಮಾಡಬಾರದು. ನಾನು ಮಾಡಲಿಲ್ಲ.

ಒಲೆಯ ಕಡೆಯಿಂದ ಬದನೆಕಾಯಿಯ ಒಗ್ಗರಣೆ ವಾಸನೆ ಬಂತು. ಎದ್ದು ಹೋಗಿ ಇಣುಕಿ ಬಂದೆ. ಎಣಗಾಯಿ ಮಾಡುತ್ತಿದ್ದಾಳೆ. ಶಾಂತಾ ಚಮಚ ತೋರಿಸಿ ಹೆದರಿಸಿದಳು. ಎಲ್ಲಿದ್ದೆ? ಹಾಂ, ವ್ರತ.

ಆಮೇಲೆ ಕಾಲ ಬದಲಾಯಿತು. ಹೆಡ್ಡು ಕೆಟ್ಟರೆ ಹೊಸದೇ ಕೂರಿಸುವ ಕಾಲ ಬಂತು, ಇವರ ಕಣ್ಣು ಮಂದವಾಯಿತು, ಎಮ್ಮೆ ಹೋಯಿತು, ಪೂಜೆ ನಿಂತಿತು. ಮಗ ಸಿಲಿಂಡರ್ ಬೋರಿಂಗ್ ಕೆಲಸ ಹಿಡಿದ. ಚಿಕ್ಕಂದಿನಲ್ಲಿ ಅವನು ಏಳುವ ಮೊದಲೇ ಇದೆಲ್ಲ ಮುಗಿದಿರುತ್ತಿತ್ತು. ಬೆಣ್ಣೆಯ ಮಾತು ಬಂದಾಗಲೆಲ್ಲ ಅದು ಅವ್ವನ ಭಕ್ತಿ ಎಂದು ನಗುತ್ತಿದ್ದ.

ಅವನ ಮಗಳು ನೀಲಾ ಹಾವೇರಿಗೆ ಬಸ್ಸಿನಲ್ಲಿ ಹೋಗಿ ಬಂದು ಮೂರು ವರ್ಷ ಡಿಪ್ಲೊಮಾ ಓದಿದಳು. ಅಜ್ಜನಿಗೆ ಅವಳನ್ನು ಕಂಡರೆ ಜೀವ. ಓದು ಮುಗಿಸಿ, ಎರಡು ವರ್ಷ ಕೊಲ್ಹಾಪುರದಲ್ಲಿ ಕೆಲಸ ಕಲಿತು ಬಂದವಳು, ಅಜ್ಜ ಕೈಯಲ್ಲಿ ಮಾಡುತ್ತಿದ್ದುದನ್ನು ನಾನು ಕಂಪ್ಯೂಟರ್ ನಡೆಸುವ ಸಿ.ಎನ್.ಸಿ. ಮಶೀನಿನಲ್ಲಿ ಮಾಡುತ್ತೇನೆ ಎಂದಳು. ಹುಬ್ಬಳ್ಳಿಯಲ್ಲಿ ಬಾಗಿಲು ಹಾಕಿದ ಒಂದು ಕಾರ್ಖಾನೆಯ ಹಳೆಯ ಮಶೀನು ಕ್ರೇನಿನಲ್ಲಿ ನಮ್ಮ ಹಿತ್ತಲಿಗೆ ಇಳಿಯಿತು. ಅದಕ್ಕೆ ಜಾಗ ಮಾಡಲು ನನ್ನ ಕರಿಬೇವಿನ ಗಿಡ ತೆಗೆದರು. ಎರಡು ದಿನ ಮಶೀನಿನ ಮೇಲೆ ಸಿಟ್ಟಿನಲ್ಲಿದ್ದೆ.

ಆ ಕೆಲಸ ಹೇಗೆ ಎಂದು ಅವಳು ನನಗೆ ಹೇಳಿದ್ದು ಹೀಗೆ. ಮೊದಲು ಒಂದು ದಾರಿಯನ್ನು ಕೈಯಿಂದಲೇ ಉಜ್ಜಿ, ಗಾಳಿ ಹಾಯಿಸಿ ನೋಡಿ, ಚೆನ್ನಾಗಿ ಮಾಡಬೇಕು. ಅದು ಮಾದರಿ. ಆಮೇಲೆ ಮಶೀನಿಗೆ ಒಂದು ಸಣ್ಣ ಕಡ್ಡಿ ಕಟ್ಟುತ್ತಾರೆ, ತುದಿಗೆ ಕೆಂಪು ಮಣಿ. ಆ ಮಣಿ ದಾರಿಯ ಗೋಡೆಯನ್ನು ಸಾವಿರ ಸಲ ಮುಟ್ಟಿ ಮುಟ್ಟಿ ಬರುತ್ತದೆ, ಕುರುಡರು ಮುಖ ಸವರಿ ಗುರುತು ಹಿಡಿದಂತೆ. ಅದೆಲ್ಲ ಕಂಪ್ಯೂಟರಿನಲ್ಲಿ ಚಿತ್ರವಾಗುತ್ತದೆ. ಚಿತ್ರವನ್ನು ತಿದ್ದಿ ಮಶೀನಿಗೆ ಕೊಟ್ಟರೆ, ಕಡ್ಡಿ ಪೆಪ್ಪರಮಿಂಟಿನಂಥ ಗುಂಡು ತಲೆಯ ಕಟರು ಉಳಿದ ದಾರಿಗಳನ್ನೂ ಹಾಗೇ ಕೊರೆಯುತ್ತದೆ. ಹೆಡ್ಡನ್ನು ಹಿಡಿದ ಮೇಜೇ ತಿರುಗುತ್ತದೆ, ಓಲುತ್ತದೆ, ಕಟರು ತಿರುವಿನೊಳಗೆ ಹೊಕ್ಕು ಬರುತ್ತದೆ. ತೊಟ್ಟಿಲು ತೂಗಿದಂತೆ ಕಾಣುತ್ತದೆ, ಸದ್ದು ಮಾತ್ರ ಹಲ್ಲು ಜುಮ್ಮೆನ್ನುವಂಥದ್ದು.

ಮೊದಲ ಗಿರಾಕಿ ಮೇಡ್ಲೇರಿಯ ಹನುಮಗೌಡರು. ನಮ್ಮ ಕಡೆ ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಿಸುವ ಸ್ಪರ್ಧೆ ಇರುತ್ತದಲ್ಲ, ಅದರಲ್ಲಿ ಅವರ ಗಾಡಿ ಎರಡು ವರ್ಷದಿಂದ ಹಿಂದಕ್ಕೇ ಹೋಗುತ್ತಿತ್ತು. ತಮ್ಮ ಬಳಿ ಇದ್ದ ಒಂದು ಹಳೆಯ ಹೆಡ್ಡು ತಂದುಕೊಟ್ಟು, ಕೊರೆದು ನೋಡು ತಂಗಿ ಎಂದರು. ಅದರಲ್ಲಿ ಮೂರು ಸಿಲಿಂಡರಿಗೆ ಗಾಳಿಯ ದಾರಿ ಮೂರು. ನೀಲಾ ಒಂದನೇ ದಾರಿಯನ್ನು ಕೈಯಿಂದ ಮಾಡಿದಳು, ಎರಡನೆಯದನ್ನು ಮಶೀನು ಚೆನ್ನಾಗಿಯೇ ಕೊರೆಯಿತು. ಮೂರನೆಯದರಲ್ಲಿ ಗೋಡೆ ತೂತಾಯಿತು. ಮಶೀನು ನಿಲ್ಲಿಸಿ ಅವಳು ಆ ತೂತಿಗೆ ಕಿರುಬೆರಳು ಇಟ್ಟು ನಿಂತಿದ್ದಳು. ಮುಚ್ಚಿಕೊಂಡರೆ ಇಲ್ಲದಂತಾಗುತ್ತದೆ ಎನ್ನುವ ಹಾಗೆ.

ಯಾಕೆ ಹೀಗಾಯಿತು ಎಂದು ಅವಳಿಗೆ ಗೊತ್ತಿತ್ತು. ಎರಕ ಹೊಯ್ಯುವಾಗ ಒಳಗಿನ ಅಚ್ಚು ಕೂದಲೆಳೆಯಷ್ಟು ಸರಿದರೆ ಒಂದು ದಾರಿಯ ಗೋಡೆ ದಪ್ಪ, ಪಕ್ಕದ್ದು ತೆಳು ಆಗುತ್ತದಂತೆ. ಹೊರಗೆ ಏನೂ ಕಾಣುವುದಿಲ್ಲ. ಮಶೀನು ಮಾದರಿ ನೋಡುತ್ತದೆ, ಗೋಡೆಯ ಹಿಂದೆ ಏನಿದೆ ಎಂದು ನೋಡುವುದಿಲ್ಲ. ದಪ್ಪ ಅಳೆಯುವ ಒಂದು ಯಂತ್ರವನ್ನು ಗೆಳತಿಯಿಂದ ತರಿಸಿದಳು, ಅದರ ಮೂತಿ ತಿರುವಿನೊಳಗೆ ಕೂರಲಿಲ್ಲ.

ಆಗ ಅವಳಿಗೆ ಅಜ್ಜನ ಹೆಡ್ಡು ನೆನಪಾಯಿತು. ಯಾರೋ ಮಾಡಿಸಲು ಕೊಟ್ಟು ಮರಳಿ ಒಯ್ಯಲು ಬಾರದ ಒಂದು ಹೆಡ್ಡನ್ನು ಹಿತ್ತಲ ಬಾಗಿಲು ಬಡಿಯದಂತೆ ಒತ್ತಿಟ್ಟಿದ್ದೆವು. ಅದನ್ನು ಎತ್ತಿ ಮಶೀನಿಗೆ ಏರಿಸಿ ಕೆಂಪು ಮಣಿಯಿಂದ ಮುಟ್ಟಿಸಿದಳು. ನಾನು ಹೆಮ್ಮೆಯಿಂದ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದೆ. ಊರೆಲ್ಲ ಹೊಗಳಿದ ಕೈ, ಮಶೀನೂ ಹೊಗಳಲಿ ಎಂದು. ಚಿತ್ರ ಬಂತು. ಮೂರು ದಾರಿ ಮೂರು ತೆರ. ಒಂದು ಅಗಲ, ಒಂದು ಇಕ್ಕಟ್ಟು, ಒಂದು ಎಡಕ್ಕೆ ಉಬ್ಬಿದೆ.

ಮಗ ಅದನ್ನು ನೋಡಿ ಮೆಲ್ಲಗೆ ಹೇಳಿದ: "ಅಪ್ಪನ ಕೈ ಸಮ ಇರಲಿಲ್ಲ ಬಿಡು. ಆ ಕಾಲದಾಗ ಯಾರು ಅಳೀತಿದ್ರು."

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡುತ್ತಿದ್ದೆ. ಕರುಣೆಯಿಂದ ಹೇಳಿದ. ಅದಕ್ಕೇ ನನಗೆ ಆ ರಾತ್ರಿಯ ಅನ್ನ ಇಳಿಯಲಿಲ್ಲ. ಹೆಂಡತಿಯಾದವಳಿಗೆ ಗಂಡನ ಕೋಪ ಗೊತ್ತು, ಗೊರಕೆ ಗೊತ್ತು, ಹಟ ಗೊತ್ತು, ಅದನ್ನೆಲ್ಲ ತಡೆದುಕೊಳ್ಳುವುದು ಆ ಒಂದು ಕೈಯ ಕಸುಬಿನ ಮೇಲೆ. ಆ ಕೈಯೂ ಸಮ ಇರಲಿಲ್ಲ ಎಂದರೆ ಏನು ಉಳಿಯಿತು ಹೇಳಿ.

ಹನುಮಗೌಡರು ದೊಡ್ಡ ಮನಸ್ಸಿನವರು. ಒಡೆದ ಹೆಡ್ಡಿಗೆ ಒಂದು ಮಾತೂ ಆಡಲಿಲ್ಲ. ಓಡುವ ಗಾಡಿಯದೇ ಹೆಡ್ಡು ಬಿಚ್ಚಿಸಿ ತಂದು ಮೇಜಿನ ಮೇಲೆ ಇಟ್ಟರು. "ತಂಗಿ, ಇದು ನನ್ನ ಗಾಡಿ ತಲಿ. ಇದು ಹೋದರ ಬಿತ್ತಿಗಿನೂ ಇಲ್ಲ, ಜಗ್ಗಾಟನೂ ಇಲ್ಲ. ಆದರೂ ನಿನ್ನ ಕೈಯಾಗ ಕೊಡಾಕತ್ತೇನಿ."

ಅವರು ಹೋದ ಮೇಲೆ ಬಸವರಾಜ ಮಗಳಿಗೆ ಹೇಳಿದ್ದು ಇಷ್ಟೇ. ಇದೂ ಒಡೆದರೆ ಮಶೀನು ದಾವಣಗೆರೆಯವರಿಗೆ ಕೊಟ್ಟುಬಿಡೋಣ, ಕೇಳುತ್ತಿದ್ದಾರೆ. ಬೀಜದ ಕಂಪನಿಯಲ್ಲಿ ಲೆಕ್ಕ ಬರೆಯುವ ಜಾಗ ಖಾಲಿ ಇದೆ, ನೀನು ಅಲ್ಲಿ ಸೇರು. ಅವನದೂ ತಪ್ಪಲ್ಲ. ಇನ್ನೊಬ್ಬರ ಗಾಡಿ ನಿಲ್ಲಿಸಿ ನಮ್ಮ ಮಗಳು ಕಲಿಯಬಾರದು ಎನ್ನುವವನು ಅವನು. ನೀಲಾ ಹೂಂ ಎಂದಳು. ಆಮೇಲೆ ಒಂದು ವಾರ ಆ ಹೆಡ್ಡಿನ ಸುತ್ತ ತಿರುಗಿದಳೇ ಹೊರತು ಮಶೀನಿಗೆ ಏರಿಸಲಿಲ್ಲ. ಅವಳು ಹೆಡ್ಡಿನ ಸುತ್ತ ತಿರುಗಿದಳು, ನಾನು ಅವಳ ಸುತ್ತ ತಿರುಗಿದೆ. ಚಹಾ ಕೊಡುವ ನೆವ, ಬಟ್ಟೆ ಒಣಗಿಸುವ ನೆವ. ಇಬ್ಬರಿಗೂ ನಿದ್ದೆ ಇಲ್ಲ.

ಎಂಟನೇ ದಿನ ನನಗೆ ತಡೆಯಲಾಗಲಿಲ್ಲ. ಒಡೆದ ಹೆಡ್ಡಿಗೆ ಪೂಜೆ ಮಾಡಿರಲಿಲ್ಲ, ಅದಕ್ಕೇ ಒಡೆಯಿತು ಎಂದು ನನ್ನ ಮನಸ್ಸಿನಲ್ಲಿ ಬೇರೂರಿತ್ತು. ನಗಬೇಡಿ. ಹಾಲಿನವಳ ಹತ್ತಿರ ಹೇಳಿ ಎಮ್ಮೆ ಬೆಣ್ಣೆ ತರಿಸಿದೆ. ಮುಂಜಾನೆ ಸ್ನಾನ ಮಾಡಿ, ಬೆಣ್ಣೆಯ ಬಟ್ಟಲು ಹಿಡಿದು ವರ್ಕ್‌ಶಾಪಿಗೆ ಹೋದೆ.

"ಆಯಿ, ಇದೇನ ತಂದಿ?"

"ನಿಮ್ಮಜ್ಜ ಹೊಸಾ ಹೆಡ್ಡಿಗೆ ಬೆಣ್ಣಿ ಸವರದ ಒಂದ ದಿನಾನೂ ಕೆಲಸ ಹಿಡದಿಲ್ಲ. ನೀನೂ ಹಿಡೀಬ್ಯಾಡ."

"ಆಯಿ, ಅದು ಗ್ರೀಸ್ ಹಚ್ಚೂ ಜಾಗ, ಬೆಣ್ಣಿ ಹಚ್ಚೂ ಜಾಗ ಅಲ್ಲ."

"ಗ್ರೀಸ್ ಯಾವ ದೇವರಿಗೆ ಆಗತೈತಿ?"

ಅವಳು ನಕ್ಕಳು. ವಾರದ ಮೇಲೆ ಮೊದಲ ನಗು. ಸೀಮೆಎಣ್ಣೆಯಿಂದ ತೊಳೆದರೆ ಹೋಗುತ್ತದೆ ಬಿಡು ಎಂದು, ಅಜ್ಜಿಯ ಮನಸ್ಸಿಗಾಗಿ ಒಪ್ಪಿದಳು. ಅಜ್ಜ ಎಲ್ಲೆಲ್ಲಿ ಸವರುತ್ತಿದ್ದ ಎಂದು ನಾನು ತೋರಿಸಿದೆ, ದಾರಿಯ ಒಳಗೆ, ತಿರುವಿನ ತನಕ, ತೆಳ್ಳಗೆ. ಅವಳು ಸವರಿದಳು. ಹಂಡೆಯ ನೀರು ಕುದಿಯುತ್ತಿತ್ತು. ನಾನು ಸುರಿದೆ. ಸುರಿದು, ಕೈಮುಗಿದು, ಕಣ್ಣು ಮುಚ್ಚಿದೆ.

ಈ ಕಾಲದ ಹುಡುಗಿಯರು ದೇವರ ಮುಂದೆ ಕಣ್ಣು ಮುಚ್ಚುವುದಿಲ್ಲ. ಅದು ನನ್ನ ಬಹಳ ದಿನದ ದೂರು. ಇನ್ನು ಮುಂದೆ ದೂರುವುದಿಲ್ಲ.

ಅವಳ ಕೈ ನನ್ನ ತೋಳು ಹಿಡಿಯಿತು. ಗಟ್ಟಿಯಾಗಿ, ನೋವಾಗುವ ಹಾಗೆ. "ಆಯಿ, ಕಣ್ಣ ತಗಿ. ಇಲ್ಲಿ ನೋಡು."

ನಡುವಿನ ದಾರಿಯ ತಿರುವಿನಲ್ಲಿ, ಹುಣಸೆಬೀಜದಷ್ಟು ಜಾಗದಲ್ಲಿ, ಬೆಣ್ಣೆ ಕರಗಿ ಹೊಳೆಯುತ್ತಿತ್ತು. ಸುತ್ತ ಎಲ್ಲ ಇನ್ನೂ ಬಿಳಿಯಾಗಿ ಗಟ್ಟಿ ಇತ್ತು. ನೋಡುತ್ತಿದ್ದ ಹಾಗೆ ಸುತ್ತಲಿನದೂ ಕರಗಿ ಎಲ್ಲ ಒಂದಾಯಿತು. ಕೈಬೆರಳು ಮಡಿಸಿ ಬಿಚ್ಚುವಷ್ಟು ಹೊತ್ತು, ಅಷ್ಟೇ. ನನಗೇನೂ ತಿಳಿಯಲಿಲ್ಲ. ಅವಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಗ್ವಾಡಿ ತೆಳ್ಳಗಿದ್ದಲ್ಲಿ ಕಾವು ಲಗೂ ಬರತೈತಿ," ಎಂದಳು. "ಆಯಿ, ಅಜ್ಜ ಕಣ್ಣ ಮುಚ್ಚತಿದ್ದನೇನು?"

ಅವರು ಕಣ್ಣು ಮುಚ್ಚುತ್ತಿದ್ದರೋ ಇಲ್ಲವೋ ನನಗೆ ಹೇಗೆ ಗೊತ್ತು? ನೋಡಬೇಕಾದ ಗಳಿಗೆಯಲ್ಲೇ ನಾನು ಕಣ್ಣು ಮುಚ್ಚಿರುತ್ತಿದ್ದೆನಲ್ಲ. ತೆಳು ಜಾಗಕ್ಕೆ ಅವರು ಎಳೆದ ಬಳಪದ ಗೆರೆ ಮಾತ್ರ ನೋಡಿದ್ದೇನೆ. ವಿಭೂತಿ ಎಂದು ನಮಸ್ಕಾರ ಮಾಡಿದ್ದೇನೆ.

ನೀಲಾ ಒಂದು ಸಲ ಕಂಡದ್ದನ್ನು ನಂಬುವವಳಲ್ಲ, ಅಜ್ಜನ ಹಾಗೇ. ಒಡೆದ ಹೆಡ್ಡಿನ ತೂತಿಗೆ ನನ್ನ ಬಟ್ಟೆ ಸಾಬೂನು ಮೆತ್ತಿ, ಅದರ ಉಳಿದ ದಾರಿಗಳಿಗೆ ಬೆಣ್ಣೆ ಸವರಿ, ನೀರು ಹಾಕಿಸಿ, ಮೊದಲು ಕರಗಿದ ಕಡೆಯೆಲ್ಲ ಗುರುತು ಹಾಕಿದಳು. ಆಮೇಲೆ ಗರಗಸಕ್ಕೆ ಕೊಟ್ಟು ಸೀಳಿದಳು. ಗುರುತು ಇದ್ದಲ್ಲೆಲ್ಲ ಗೋಡೆ ತೆಳ್ಳಗೆ, ಹಪ್ಪಳದ ಹಾಗೆ. ಅಷ್ಟೊತ್ತಿಗೆ ಬಸವರಾಜನೂ ಬಂದು ನಿಂತಿದ್ದ. ಅವನೇ ಹೋಗಿ ಹಿತ್ತಲ ಬಾಗಿಲಿನ ಅಪ್ಪನ ಹೆಡ್ಡನ್ನು ಎತ್ತಿಕೊಂಡು ಬಂದ. ಒರೆಸಿದ. ಬೆಣ್ಣೆಯನ್ನೂ ಅವನೇ ಸವರಿದ. ನಾನು ನೀರು ಸುರಿದೆ, ಈ ಸಲ ಕಣ್ಣು ಬಿಟ್ಟುಕೊಂಡು.

ಮೂರೂ ದಾರಿಯಲ್ಲಿ ಬೆಣ್ಣೆ ಮೊದಲು ಎಲ್ಲಿಯೂ ಕರಗಲಿಲ್ಲ. ಒಂದು ಚಣ ಎಲ್ಲ ಬಿಳಿಯೇ ಇತ್ತು. ಆಮೇಲೆ ಎಲ್ಲ ಕಡೆ ಒಟ್ಟಿಗೇ ಹೊಳೆಯಿತು.

ದಾರಿ ಮೂರು ತೆರ ಇದ್ದವು, ಗೋಡೆ ಒಂದೇ ದಪ್ಪ ಇತ್ತು. ಎಲ್ಲಿ ತೆಳುವೋ ಅಲ್ಲಿ ಕೈ ತಡೆದಿದ್ದರು, ಎಲ್ಲಿ ದಪ್ಪವೋ ಅಲ್ಲಿ ತೆಗೆದಿದ್ದರು. ಮಗ ಬೆಣ್ಣೆಯ ಬೆರಳನ್ನು ಅಂಗಿಗೆ ಒರೆಸಿಕೊಂಡ. "ನಾ ಅವತ್ತ ಅಂದದ್ದು ತಪ್ಪಾತವ್ವ," ಎಂದ. ನನಗೆ ಹೇಳಿದನೋ ಹೆಡ್ಡಿಗೆ ಹೇಳಿದನೋ.

ಆಮೇಲಿನದು ನೀಲಾಳ ಕೆಲಸ. ಗೌಡರ ಹೆಡ್ಡಿನ ನಡುವಿನ ದಾರಿಗೆ ಚಿತ್ರ ತಿದ್ದಿ, ಆ ಹುಣಸೆಬೀಜದ ಜಾಗವನ್ನು ಕಟರು ಮುಟ್ಟದಂತೆ ಸರಿಸಿದಳು. ಅದನ್ನು ತಿದ್ದಲು ನಾಲ್ಕು ದಿನ, ಕೊರೆಯಲು ಒಂದು ದಿನ. ಕೊರೆಯುವ ದಿನ ನಾನು ದೇವರ ಮನೆಗೂ ಹಿತ್ತಲಿಗೂ ಎಷ್ಟು ಸಲ ಓಡಾಡಿದೆನೋ, ಸಂಜೆಗೆ ಚಪ್ಪಲಿಯ ಬಾರು ಕಿತ್ತಿತ್ತು. ಇವತ್ತು ಮುಂಜಾನೆ ತೂತುಗಳನ್ನೆಲ್ಲ ಬಿಗಿದು, ಒಳಗೆ ಗಾಳಿ ತುಂಬಿ ತೊಟ್ಟಿಗೆ ಇಳಿಸಿದರು. ಅಲ್ಲಿಂದ ಮುಂದಿನ ಸುದ್ದಿ ನಿಮಗೆ ಗೊತ್ತೇ ಇದೆ. ಹನುಮಗೌಡರು ಬಂದು ನೋಡಿ ನೀಲಾಳ ತಲೆಯ ಮೇಲೆ ಕೈ ಇಟ್ಟರು. ಹೋಗುವಾಗ, ತಮ್ಮೂರಿನಲ್ಲಿ ಇನ್ನೂ ಇಬ್ಬರು ಕೇಳುತ್ತಿದ್ದಾರೆ ಎಂದರು. ದಾವಣಗೆರೆಯವರಿಗೆ ಬಸವರಾಜನೇ ಫೋನು ಮಾಡಿ, ಮಶೀನು ಕೊಡುವುದಿಲ್ಲ ಎಂದ. ಎರಡು ಸಲ ಹೇಳಿದ. ಒಂದು ಸಲ ಅವರಿಗೆ, ಒಂದು ಸಲ ಫೋನು ಇಟ್ಟ ಮೇಲೆ ಮಗಳಿಗೆ.

ಹೊತ್ತು ಮುಳುಗುವ ಹೊತ್ತಿಗೆ ಇಷ್ಟು ಬರೆದು ಪೆನ್ನು ಇಟ್ಟಿದ್ದೆ. ಈಗ ಊಟ ಮುಗಿಸಿ ಬಂದು ಉಳಿದದ್ದು ಬರೆಯುತ್ತಿದ್ದೇನೆ.

ಪಡಸಾಲೆಯಲ್ಲಿ ನಾಲ್ವರೂ ಒಟ್ಟಿಗೆ ಕುಳಿತೆವು. ಈ ಆರು ತಿಂಗಳಲ್ಲಿ ಹಾಗೆ ಕುಳಿತದ್ದೇ ಇಲ್ಲ. ಒಬ್ಬರು ಮಶೀನಿನ ಹತ್ತಿರ ನಿಂತೇ ತಿನ್ನುವುದು, ಒಬ್ಬರು ಕಾದು ತಣ್ಣಗಾದದ್ದು ತಿನ್ನುವುದು. ಶಾಂತಾ ಸುಟ್ಟು ಸುಟ್ಟು ಒಟ್ಟಿದ ರೊಟ್ಟಿಯ ಬುಟ್ಟಿ ನಡುವೆ ಇಟ್ಟು ತಾನೂ ಕುಳಿತಳು. ಎಣಗಾಯಿ, ಶೇಂಗಾ ಹಿಂಡಿ, ಎರಡು ಸಲ ಉಪ್ಪು ಬಿದ್ದ ನನ್ನ ಬೇಳೆ. ಅದನ್ನು ಯಾರೂ ಆಡಿ ತೋರಿಸಲಿಲ್ಲ. ಬೆಣ್ಣೆ ಮಾತ್ರ ಲಿಂಬೆಹಣ್ಣಿನಷ್ಟು ಉಳಿದಿತ್ತು, ಉಳಿದದ್ದೆಲ್ಲ ಹೆಡ್ಡುಗಳಿಗೆ ಹೋಗಿತ್ತು. ಬಟ್ಟಲು ನೀಲಾಳ ಮುಂದೆ ಬಂತು. ಅವಳು ಅದನ್ನು ಅಪ್ಪನ ಕಡೆ ಸರಿಸಿ, ಒಣ ರೊಟ್ಟಿ ಮುರಿದು ಪಲ್ಲೆಯಲ್ಲಿ ಅದ್ದಿದಳು.

"ಯಾಕ, ನಿನಗ ಬ್ಯಾಡೇನು?" ಎಂದ ಬಸವರಾಜ.

"ನನ್ನ ಪಾಲು ಹೆಡ್ಡು ತಿಂದೈತಿ ಬಿಡಪ್ಪಾ. ನೀವು ತಿನ್ರಿ."

ನನ್ನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಅವರೂ ತಮ್ಮ ಪಾಲನ್ನೇ ಹೆಡ್ಡಿಗೆ ಕೊಡುತ್ತಿದ್ದರು, ನಾನು ವ್ರತ ಎಂದುಕೊಂಡಿದ್ದೆ. ಒತ್ತಾಯ ಮಾಡಬಾರದು ಎಂದುಕೊಂಡಿದ್ದೆ. ಎಷ್ಟು ವರ್ಷ, ಎಷ್ಟು ಒಣ ರೊಟ್ಟಿ.

ಬಟ್ಟಲು ಎಳೆದುಕೊಂಡೆ. ಇದ್ದ ಬೆಣ್ಣೆಯಲ್ಲಿ ಅರ್ಧವನ್ನು ಬೆರಳಿನಿಂದ ತೆಗೆದು ಅವಳ ಬಿಸಿ ರೊಟ್ಟಿಯ ಮೇಲೆ ಇಟ್ಟೆ. ಬ್ಯಾಡ ಆಯಿ, ಬ್ಯಾಡ ಎಂದಳು. ನಾನು ಕೇಳಲಿಲ್ಲ, ರೊಟ್ಟಿಯ ಅಂಚಿನ ತನಕ ಸವರಿದೆ, ತೆಳ್ಳಗೆ, ಒಂದು ಕಡೆಯೂ ಬಿಡದ ಹಾಗೆ. ಅವಳು ತುತ್ತು ಬಾಯಿಗೆ ಇಡುವ ತನಕ ನೋಡುತ್ತ ಕುಳಿತೆ. ಕಣ್ಣು ಮುಚ್ಚಲಿಲ್ಲ. ಆಮೇಲೆ ಎಲ್ಲರೂ ಉಂಡೆವು.